ಕಡಲತೀರವೂ ಒಂದು ಅಮಾನತ್ತು

ಭೂಮಿಯನ್ನೂ ಸಮುದ್ರವನ್ನೂ ಅಲ್ಲಾಹನು ಮನುಷ್ಯರಿಗೆ ಅಧೀನಗೊಳಿಸಿಕೊಟ್ಟಿರುವನೆಂದು ಪವಿತ್ರ ಕುರ್‌ಆನ್ ಹಲವೆಡೆ ನೆನಪಿಸುತ್ತದೆ. ಈ ಅನುಗ್ರಹ ಇಡೀ ಮನುಕುಲಕ್ಕೆ ಸೇರಿದ್ದು. ನೀರು, ಹುಲ್ಲುಗಾವಲು ಮತ್ತು ಬೆಂಕಿಯಲ್ಲಿ ಜನರು ಪಾಲುದಾರರೆಂಬ ಪ್ರವಾದಿವರ್ಯರ(ಸ) ಬೋಧನೆಯೂ ಇದೇ ತತ್ವವನ್ನು ಸಾರುತ್ತದೆ. ಹೀಗಿದ್ದರೂ ಉದ್ಯಾನ, ಕಡಲತೀರಗಳ ಮಾತು ಬಂದಾಗ ಅದು ಪ್ರವಾಸಿಗರ ವಿಷಯ, ದೀನಿಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವವರು ನಮ್ಮಲ್ಲಿ ಹಲವರಿದ್ದಾರೆ. ಈ ಭಾವನೆಯನ್ನು ಮರುಪರಿಶೀಲಿಸಬೇಕಾಗಿದೆ.

ನೆರೆಯ ಗೋವಾವನ್ನೇ ನೋಡೋಣ. 1987ರಲ್ಲಿ ರಾಜ್ಯದ ಸ್ಥಾನ ಪಡೆದ ಈ ನಾಡು 3,702 ಚದರ ಕಿಲೋಮೀಟರ್ ವಿಸ್ತಾರದ, ದೇಶದಲ್ಲೇ ಅತಿ ಚಿಕ್ಕ ರಾಜ್ಯ. ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಹೋಗಿ ವಾಸ್ಕೊ, ಮಡಗಾಂವ್, ಮಾಪ್ಸಾಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳು ಅಲ್ಲಿ ಬಹಳ. ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿ ಬಾಳುವವರಿಗೆ ಪಣಜಿಯ ಮೀರಾಮಾರ್, ವಾಸ್ಕೊದ ಬೈನಾ, ಮಡಗಾಂವ್ ಸಮೀಪದ ಕೋಲ್ವಾ ತೀರಗಳೇ ಮನೆಯಂಗಳ. ಹಣ ಕೊಡದೆ ಮಕ್ಕಳು ಮನಸಾರೆ ಓಡಾಡಬಹುದಾದ ಜಾಗ ಅವರಿಗೆ ಬೇರೆ ಎಲ್ಲಿದೆ?

ಈ ಅಂಗಳಕ್ಕೂ ಬೇಲಿ ಬೀಳುವುದುಂಟು. ದೋನಾ ಪಾವ್ಲಾ ಸಮೀಪದ ತೀರವೊಂದಕ್ಕೆ ಜನರು ನಡೆದು ಹೋಗುತ್ತಿದ್ದ ದಾರಿಗೆ ದೊಡ್ಡ ಹೋಟೆಲೊಂದರ ಕಟ್ಟಡ ಅಡ್ಡಿಯಾದಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ನ್ಯಾಯಾಲಯವು ಜನರ ಹಕ್ಕನ್ನು ಎತ್ತಿಹಿಡಿದು, ಅಡ್ಡಿಯಾಗಿದ್ದ ಭಾಗವನ್ನು ತೆರವುಗೊಳಿಸಬೇಕೆಂದಿತು. ಆದರೆ ರಾಜ್ಯ ಸರಕಾರವು ಕಾಯಿದೆಗೇ ತಿದ್ದುಪಡಿ ತಂದು ಕಟ್ಟಡವನ್ನು ಉಳಿಸಿತು. ತೀರ್ಪು ಬಂದ ಮಾತ್ರಕ್ಕೆ ಹಕ್ಕು ಭದ್ರವಾಗುವುದಿಲ್ಲ. ಜನರು ಎಚ್ಚರವಾಗಿರಬೇಕು ಎಂಬುದೇ ಇದರ ಪಾಠ.

ಸಮುದ್ರತೀರ, ಹರಿಯುವ ನೀರು, ಅರಣ್ಯ ಮುಂತಾದವುಗಳನ್ನು ಸರಕಾರವು ಜನರ ಪರವಾಗಿ ಕಾಯಬೇಕೇ ವಿನಾ ಅವುಗಳ ಒಡೆಯನಂತೆ ವರ್ತಿಸಕೂಡದೆಂಬ ತತ್ವವನ್ನು ಅದೇ ನ್ಯಾಯಾಲಯ 1996ರ ಡಿಸೆಂಬರಿನಲ್ಲೇ ಸ್ಪಷ್ಟಪಡಿಸಿತ್ತು. ನಮ್ಮ ಪರಿಭಾಷೆಯಲ್ಲಿ ಇದಕ್ಕೆ ಅಮಾನತ್ತು ಎನ್ನುತ್ತೇವೆ. ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಅಂತ್ಯದಿನದಲ್ಲಿ ಏಳು ಭೂಮಿಗಳನ್ನು ಸುತ್ತಲಾಗುವುದೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಒಬ್ಬನ ಗೇಣು ನೆಲಕ್ಕೇ ಇಂಥ ವಿಚಾರಣೆಯಿದ್ದರೆ, ಸಾವಿರಾರು ಜನರ ದಾರಿಯನ್ನು ಮುಚ್ಚುವವರ ಗತಿ ಏನು?

ಇಲ್ಲಿ ಒಂದು ಆಕ್ಷೇಪ ಸಹಜ. ಗೋವಾದ ತೀರಗಳಲ್ಲಿ ಮದ್ಯವಿದೆ, ನಿರ್ಲಜ್ಜತೆಯಿದೆ. ಸಭ್ಯ ಕುಟುಂಬಗಳು ಅಲ್ಲಿಗೇಕೆ ಹೋಗಬೇಕು ಎಂದು ಹಿರಿಯರು ಕೇಳುತ್ತಾರೆ. ಅವರ ಕಳವಳ ನಿಜವಾದದ್ದು. ಆದರೆ ಸಭ್ಯರೆಲ್ಲ ತೊರೆದು ಹೋದರೆ ಆ ಜಾಗ ಯಾರ ಪಾಲಾಗುತ್ತದೆ? ದಾರಿಯಲ್ಲಿ ಕುಳಿತುಕೊಳ್ಳುವುದು ತಮಗೆ ಅನಿವಾರ್ಯವೆಂದು ಸಹಾಬಿಗಳು ಅರಿಕೆ ಮಾಡಿಕೊಂಡಾಗ ಪ್ರವಾದಿವರ್ಯರು(ಸ) ಅವರಿಗೆ ದಾರಿಯ ಹಕ್ಕುಗಳನ್ನು ಕಲಿಸಿದರು: ದೃಷ್ಟಿ ತಗ್ಗಿಸುವುದು, ಉಪದ್ರವ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು. ಸಾರ್ವಜನಿಕ ಸ್ಥಳಕ್ಕೆ ನಮ್ಮ ಶಿಷ್ಟಾಚಾರ ಇದೇ. ಕೆಡುಕಿಲ್ಲದ ಸಮಯವನ್ನೂ ಸ್ಥಳವನ್ನೂ ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಫಜ್ರ್ ನಂತರದ ತೀರ ಬಹುಮಟ್ಟಿಗೆ ಶಾಂತವಾಗಿರುತ್ತದೆ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ನಮ್ಮ ಅನೇಕ ಮನೆಗಳಲ್ಲಿ ವಿಹಾರವು ಗಂಡಸರಿಗೆ ಮಾತ್ರ. ಪ್ರವಾದಿವರ್ಯರು(ಸ) ಹ. ಆಯಿಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ್ದರು. ಮಸೀದಿಯ ಆವರಣದಲ್ಲಿ ಅಬಿಸೀನಿಯದವರ ಈಟಿಯಾಟವನ್ನು ಆಕೆ ತಣಿಯುವವರೆಗೆ ನೋಡಲು ತಾವೇ ಮರೆಯಾಗಿ ನಿಂತಿದ್ದರು. ಈ ಮಾದರಿಯನ್ನು ಮಿಂಬರಿನಿಂದ ಕೇಳುವ ನಾವು ಮನೆಯ ತಾಯಿ, ಮಡದಿ, ಹೆಣ್ಣುಮಕ್ಕಳಿಗೆ ಒಂದು ಸಂಜೆಯ ಗಾಳಿಯನ್ನೂ ನಿರಾಕರಿಸುವುದು ಯಾವ ನ್ಯಾಯ?

ಹಕ್ಕಿನೊಂದಿಗೆ ಹೊಣೆಯೂ ಬರುತ್ತದೆ. 2019ರಲ್ಲಿ ಗೋವಾ ಸರಕಾರವು ಪ್ರವಾಸಿ ತಾಣಗಳ ಕಾಯಿದೆಯನ್ನು ತಿದ್ದಿ, ಅಲ್ಲಿ ಮದ್ಯಪಾನ ಮಾಡುವುದನ್ನೂ ಬಯಲಲ್ಲಿ ಅಡುಗೆ ಮಾಡುವುದನ್ನೂ ನಿಷೇಧಿಸಿತು. ಆಗ ಒಬ್ಬನಿಗೆ 2,000, ಗುಂಪಿಗೆ 10,000 ರೂಪಾಯಿ ದಂಡ ನಿಗದಿಯಾಗಿತ್ತು. ಮೊದಲನೆಯದು ನಮಗೆ ಸಂಬಂಧಿಸಿದ್ದಲ್ಲವೆಂದು ಹೇಳಿಕೊಳ್ಳಬಹುದು. ಎರಡನೆಯದರ ಬಗ್ಗೆ ಹಾಗೆನ್ನಲಾಗದು. ಬಸ್ಸು ಮಾಡಿಕೊಂಡು ಹೋಗಿ, ಒಲೆ ಹೂಡಿ ಬಿರಿಯಾನಿ ಬೇಯಿಸಿ, ಎಲುಬು, ತಟ್ಟೆಗಳನ್ನು ಮರಳಲ್ಲೇ ಬಿಟ್ಟು ಬರುವವರಲ್ಲಿ ನಮ್ಮವರೂ ಇದ್ದಾರೆ. ಮೊರ್ಜಿ, ಅಗೊಂದ, ಗಾಲ್ಜಿಬಾಗ್ ತೀರಗಳ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನಾವು ಎಸೆದ ಪ್ಲಾಸ್ಟಿಕ್ ಆ ಮೂಕಜೀವಿಗಳ ಪಾಲಿಗೆ ಮೃತ್ಯು. ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದಾದರೆ, ಅದನ್ನು ತಂದು ಹಾಕುವುದು ಏನು? ಜನರ ದಾರಿಯಲ್ಲಿಯೂ ನೆರಳಿನಲ್ಲಿಯೂ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಡೀ ಭೂಮಿ ನಮಗೆ ಸಜ್ದಾದ ಸ್ಥಳವಾಗಿದ್ದರೂ, ನಡೆದಾಡುವ ದಾರಿಯ ಮಧ್ಯೆ ನಮಾಝ್‌ಗೆ ನಿಲ್ಲುವುದನ್ನು ಕರ್ಮಶಾಸ್ತ್ರಜ್ಞರು ಅಪ್ರಿಯವೆಂದಿದ್ದಾರೆ. ಒಂದು ಬದಿಗೆ ಸರಿದು ನಿರ್ವಹಿಸುವುದೇ ಔಚಿತ್ಯ.

ಆದ್ದರಿಂದ ನಮ್ಮ ಜಮಾಅತ್‌ಗಳು ಎರಡು ಕೆಲಸಗಳನ್ನು ಕೈಗೊಳ್ಳಲಿ. ತೀರದ ದಾರಿ ಮುಚ್ಚಿದರೆ, ಉದ್ಯಾನದ ಜಾಗ ಅನ್ಯ ಉದ್ದೇಶಕ್ಕೆ ಹೋದರೆ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ನೆರೆಹೊರೆಯ ಹಿಂದೂ, ಕ್ರೈಸ್ತ ಬಂಧುಗಳೊಂದಿಗೆ ಸೇರಿ ದನಿಯೆತ್ತಲಿ. ಪ್ರವಾಸಕ್ಕೆ ಬಸ್ಸು ಹೊರಡುವ ಮುನ್ನ ಮದ್ರಸಾದ ಮಕ್ಕಳ ಕೈಗೆ ಕಸದ ಚೀಲವನ್ನೂ ಕೊಡಲಿ. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲ ಜಲಗಳಲ್ಲಿ ಕ್ಷೋಭೆ ಕಾಣಿಸಿಕೊಂಡಿದೆಯೆಂದು ಸೂರಃ ಅರ್‍ರೂಮ್ ತಿಳಿಸುತ್ತದೆ. ಆ ಕೈಗಳಲ್ಲಿ ನಮ್ಮವು ಸೇರದಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.