ತರಬೇತಿಯ ಸರ್ಟಿಫಿಕೇಟು, ವೈವಾದ ಮಾರ್ಕು

ಪ್ರಾಧ್ಯಾಪಕರಿಗೆ ಈಗ ಸಮಾನತೆಯ ತರಬೇತಿ ಕೊಡುತ್ತಾರೆ. ವೈವಿಧ್ಯ ಅಂತ ಒಂದು ಮಾತು, ಒಳಗೊಳ್ಳುವಿಕೆ ಅಂತ ಇನ್ನೊಂದು ಮಾತು. ಎರಡು ದಿನದ ಶಿಬಿರ, ನಡುವೆ ಚಹಾ, ಕೊನೆಗೆ ಗ್ರೂಪ್ ಫೋಟೋ, ಕೈಗೊಂದು ಸರ್ಟಿಫಿಕೇಟು. ಸರ್ಟಿಫಿಕೇಟು ಬಡ್ತಿಯ ಫೈಲಿಗೆ ಹೋಗುತ್ತದೆ. ತರಗತಿಗೆ ಏನು ಹೋಗುತ್ತದೆ? ಇದನ್ನು ಕೇಳುವವರಿಲ್ಲ. ನಾವು ಕೇಳೋಣ.

ಮೊದಲು ಈ ‘ಒಳಗೊಳ್ಳುವಿಕೆ’ಯನ್ನೇ ತಿರುವಿ ಹಾಕಿ ನೋಡೋಣ. ಯಾರು ಯಾರನ್ನು ಒಳಗೆ ಕರೆದುಕೊಳ್ಳುವುದು ಸ್ವಾಮಿ? ಮನೆ ಯಾರದು? ಶಹಾಬಾದಿನ ಕಲ್ಲನ್ನು ಗಣಿಯಿಂದ ಎಬ್ಬಿಸಿದವರು, ವಾಡಿ-ಸೇಡಂಗಳಲ್ಲಿ ಸಿಮೆಂಟಿನ ಧೂಳು ನುಂಗಿದವರು, ಚಿತ್ತಾಪುರ-ಚಿಂಚೋಳಿಯ ತೊಗರಿ ಹೊಲಗಳಲ್ಲಿ ಬೆನ್ನು ಬಗ್ಗಿಸಿದವರು ನಮ್ಮ ಅವ್ವ-ಅಪ್ಪಂದಿರು. ನಾಡಿನ ಎಷ್ಟೋ ಕಾಲೇಜುಗಳ ನೆಲಕ್ಕೂ ಗೋಡೆಗೂ ಅವರ ಬೆವರು ಅಂಟಿದೆ. ಗೋಡೆ ಕಟ್ಟಿದವರ ಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ‘ಬಾರಪ್ಪ, ನಿನ್ನನ್ನೂ ಸೇರಿಸಿಕೊಂಡಿದ್ದೇವೆ’ ಅನ್ನುವುದು ಔದಾರ್ಯವಲ್ಲ, ಸೊಕ್ಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾದು ಕಲಬುರಗಿಗೆ ರೈಲಿನ ಹಾದಿ ಇದೆ. ಓದುವ ಹುಡುಗರು ಅದನ್ನು ಹಿಡಿದು ಹೋಗುತ್ತಾರೆ. ಚಿಂಚೋಳಿಯ ತಾಂಡಾದವರಿಗೆ ಅದೂ ಇಲ್ಲ, ಬಸ್ಸೇ ಗತಿ. ನಿಜಾಮನ ಕಾಲದಿಂದ ಹಿಂದುಳಿದ ಈ ಸೀಮೆಗೆ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿದ್ದು 1980ರಲ್ಲಿ. ಅಲ್ಲಿಯವರೆಗೆ ಇದ್ದದ್ದು ಧಾರವಾಡದ ಒಂದು ಸ್ನಾತಕೋತ್ತರ ಕೇಂದ್ರ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂದು ಮುಂದೆ ಕಡಗಂಚಿಯಲ್ಲಿ ನೆಲೆ ನಿಂತಿತು. 2012ರಲ್ಲಿ ಪಾರ್ಲಿಮೆಂಟು ಒಪ್ಪಿದ ತಿದ್ದುಪಡಿಯಿಂದ 371ಜೆ ಬಂತು. ಬಾಗಿಲು ತೆರೆಯಿತು, ನಿಜ. ಒಳಗ ಏನು ನಡೀತದ?

‘ಯಾವ ಕೆಟಗರಿಯೋ ನೀನು?’ ಅಂತ ಎಲ್ಲರ ಎದುರು ಕೇಳುವ ದನಿ. ಗಡಿಯೂರಿನ ತೆಲುಗು ಬೆರೆತ ಕನ್ನಡಕ್ಕೆ ಒಂದು ನಗು, ತಾಂಡಾದ ಹುಡುಗಿಯ ಇಂಗ್ಲಿಷಿಗೆ ಇನ್ನೊಂದು. ಬರೆದ ಪರೀಕ್ಷೆಯಲ್ಲಿ 70 ತೆಗೆದವನಿಗೆ ವೈವಾದಲ್ಲಿ 30. ಗೈಡ್ ಆಗ್ರಿ ಅಂದರೆ ಜಾಗ ಇಲ್ಲ. ಸ್ಕಾಲರ್‌ಶಿಪ್ಪಿನ ಕಾಗದಕ್ಕೆ ಸಹಿ ಕೇಳಿದರೆ ‘ನಾಳೆ ಬಾ’. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಆದರೂ ಹುಡುಗ ವರ್ಷ ಮುಗಿಯುವ ಮೊದಲೇ ಊರಿಗೆ ಬಂದುಬಿಡುತ್ತಾನೆ. ಅವ್ವ ಕೇಳುತ್ತಾಳೆ: ‘ಯಾಕ ಬಂದಿಯೋ ಯಪ್ಪಾ?’ ಅವನ ಬಾಯಲ್ಲಿ ಮಾತಿಲ್ಲ.

ಇದು ನಮ್ಮ ಊಹೆ ಅನ್ನುವವರು 2007ರ ಥೋರಟ್ ಸಮಿತಿಯ ವರದಿ ಓದಲಿ. ದೆಹಲಿಯ ಏಮ್ಸ್‌ನಲ್ಲಿ, ದೇಶದ ಹೆಸರಾಂತ ವೈದ್ಯಶಾಲೆಯಲ್ಲಿ, ದಲಿತ ಮತ್ತು ಆದಿವಾಸಿ ವಿದ್ಯಾರ್ಥಿಗಳಿಗೆ ಪಾಠದಲ್ಲಿ, ಪರೀಕ್ಷೆಯಲ್ಲಿ, ಹಾಸ್ಟೆಲಿನಲ್ಲಿ ಆಗುವ ಭೇದವನ್ನು ಅದು ದಾಖಲಿಸಿದೆ. 2012ರಲ್ಲಿ ಯುಜಿಸಿ ನಿಯಮವನ್ನೂ ಮಾಡಿತು: ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ತಡೆಯುವ ಅಧಿಕಾರಿ ಇರಬೇಕು. ಕಾಗದ ಚೆನ್ನಾಗಿತ್ತು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಪಾಯಲ್ ತಡವಿ ಹೋದಳು. ಅದೇ ವರ್ಷ ಇಬ್ಬರ ತಾಯಂದಿರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, 2012ರ ನಿಯಮ ಜಾರಿ ಮಾಡಿ ಅಂತ ಕೇಳಲು. ನಿಯಮ ಪಾಲಿಸಿ ಎನ್ನಲು ಈ ದೇಶದಲ್ಲಿ ಮಕ್ಕಳನ್ನು ಕಳಕೊಂಡ ತಾಯಂದಿರೇ ಬರಬೇಕೆ?

ಪಂಡಿತರು ಹೇಳುತ್ತಾರೆ: ‘ಮನಸ್ಸು ಬದಲಾಗಬೇಕು, ಅದಕ್ಕೇ ತರಬೇತಿ.’ ಆಗಲಿ, ಬದಲಾಯಿಸಿಕೊಳ್ಳಿ. ಆದರೆ ನಿಮ್ಮ ಮನಸ್ಸು ನಮಗೆ ಕಾಣುವುದಿಲ್ಲ. ಕಾಣುವುದು ನಿಮ್ಮ ಕೈ. ಆ ಕೈ ಎಷ್ಟು ಮಾರ್ಕು ಹಾಕಿತು, ಯಾವ ಕಾಗದ ತಡೆಯಿತು, ಯಾರಿಗೆ ಗೈಡ್ ಆಗಲು ಒಲ್ಲೆ ಅಂದಿತು, ಇದರ ಲೆಕ್ಕ ಕೊಡಿ. ಲೆಕ್ಕ ಕೇಳದ ತರಬೇತಿ ಪುರಾಣ ಕೇಳಿದ ಹಾಗೆ. ಕೇಳಿದವನಿಗೆ ಪುಣ್ಯ, ಹೊರಗೆ ನಿಂತವನು ಹೊರಗೇ.

ಅಧಿಕಾರಸ್ಥರಿಗೆ ಬುದ್ಧಿ ಹೇಳುವುದು ನಮ್ಮ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿ ನೋಡಿ. ಅಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ ಅಧಿಕಾರಿಗಳಿಗೆಂದೇ ಹೊರಡಿಸಿದ ಆಜ್ಞೆ ಇದೆ. ಒಡಿಶಾದ ಧೌಲಿಯಲ್ಲಿ ಇದೇ ಆಜ್ಞೆಯ ಪೂರ್ಣ ಪಾಠ ಉಳಿದಿದೆ. ಜನರೆಲ್ಲ ನನ್ನ ಮಕ್ಕಳು. ಸಿಟ್ಟು, ಮತ್ಸರ, ಆತುರ, ಸೋಮಾರಿತನ ಬಿಟ್ಟು ನ್ಯಾಯ ಮಾಡಿ. ಈ ಮಾತನ್ನು ಮತ್ತೆ ಮತ್ತೆ ಓದಿಸಿ ಕೇಳಿ ಎಂದು ಅದರ ಸಾರ. ಅಷ್ಟಕ್ಕೇ ಅವನು ಬಿಡಲಿಲ್ಲ. ಹೇಳಿದಂತೆ ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಬೇರೆ ಅಧಿಕಾರಿಯನ್ನು ಕಳಿಸುತ್ತೇನೆ ಎಂದೂ ಕೊರೆಸಿದ. ತರಬೇತಿಯ ಜೊತೆಗೇ ತಪಾಸಣೆ!

ಆ ಕಲ್ಲಿಗೆ ಮುಂದೆ ಏನಾಯಿತು? ಅದನ್ನು ಗುಡಿಯೊಳಗೆ ದೇವಿಯ ಪೀಠ ಮಾಡಿದರು, ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದರು. 1980ರ ದಶಕದಲ್ಲಿ ಗುಡಿಯ ಛಾವಣಿ ಕುಸಿದು ಬಿದ್ದ ಮೇಲೆಯೇ ಅಕ್ಷರ ಬೆಳಕು ಕಂಡದ್ದು. ಸಮಾನತೆಯ ನಿಯಮಗಳ ಗತಿಯೂ ಇದೇ. ಅವುಗಳನ್ನು ಕೆಳಗೆ ಹಾಕಿಕೊಂಡು ಕುರ್ಚಿಗಳು ಗಟ್ಟಿಯಾಗಿ ಕೂತಿವೆ. ಗೆಳೆಯರೇ, ಛಾವಣಿ ತಾನಾಗಿ ಬೀಳಲಿ ಅಂತ ಕಾಯುವುದು ಬೇಡ.

ನಮ್ಮ ಬೇಡಿಕೆಗಳು ಇಷ್ಟು:

1. ವೈವಾದಲ್ಲಿ ಹಾಕುವ ಮಾರ್ಕಿಗೆ ಕಾರಣ ಬರೆಯಬೇಕು. ವಿದ್ಯಾರ್ಥಿ ಕೇಳಿದರೆ ತೋರಿಸಬೇಕು.

2. ದೂರು ಕೇಳುವ ಸಮಿತಿಯಲ್ಲಿ ದಲಿತ, ಆದಿವಾಸಿ, ಮಹಿಳಾ ಸದಸ್ಯರೂ ವಿದ್ಯಾರ್ಥಿಗಳೂ ಹೊರಗಿನವರೂ ಇರಬೇಕು. ಬಂದ ದೂರೆಷ್ಟು, ಇತ್ಯರ್ಥವಾದದ್ದೆಷ್ಟು ಎಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು.

3. ಬಡ್ತಿಗೆ ಸರ್ಟಿಫಿಕೇಟು ಸಾಲದು, ಈ ಲೆಕ್ಕವೂ ಸೇರಬೇಕು.

4. ಖಾಲಿ ಬಿದ್ದ ಮೀಸಲು ಹುದ್ದೆ ತುಂಬಬೇಕು. ನಮ್ಮವರನ್ನು ಅತಿಥಿ ಉಪನ್ಯಾಸಕರಾಗಿಯೇ ಮುದಿಯಾಗಿಸಿ ಒಳಗೊಳ್ಳುವಿಕೆಯ ಭಾಷಣ ಮಾಡಬೇಡಿ.

ಹಳ್ಳಿಯ ಮಾಸ್ತರರೇ, ಈ ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸಿದವರು ನೀವು. ಅವರು ಕಲಬುರಗಿಗೆ ಹೊರಟಾಗ ಒಂದು ನೋಟ್‌ಬುಕ್ ಕೊಟ್ಟು ಕಳಿಸಿ. ಯಾವ ದಿನ, ಯಾರು, ಏನಂದರು, ಎಲ್ಲ ಬರೆದಿಡಲಿ. ವಿದ್ಯಾರ್ಥಿ ಗೆಳೆಯರೇ, 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಸಮಾನ ಅವಕಾಶ ಘಟಕ ವರ್ಷದಲ್ಲಿ ಎಷ್ಟು ಸಲ ಸೇರಿತು, ಏನು ತೀರ್ಮಾನಿಸಿತು ಎಂದು ಅರ್ಜಿ ಹಾಕಿ. ಒಬ್ಬರೇ ಹಾಕಬೇಡಿ, ಸೇಡಂನಿಂದ ಚಿಂಚೋಳಿತನಕ ಎಲ್ಲರೂ ಕೂಡಿ ಹಾಕಿ. ಒಬ್ಬನಿಗೆ ‘ನಾಳೆ ಬಾ’ ಅನ್ನಬಹುದು. ನೂರು ಮಂದಿಗೆ ಅನ್ನಲಿ, ನೋಡೋಣ.