ಕೆಳಗಿನಿಂದ ಎಸೆದರೂ ಭುಜ ದಣಿಯುತ್ತದೆ

ನಿಮ್ಮ ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದರೆ ಸಂತೋಷಪಡಿ. ಬೆಳೆಯುವ ಹೆಣ್ಣುಮಕ್ಕಳ ಎಲುಬಿಗೂ ಹೃದಯಕ್ಕೂ ಮನಸ್ಸಿಗೂ ಮೈದಾನದ ಆಟ ಬೇಕೇ ಬೇಕು. ಆದರೆ ಅವಳು ತಂಡದ ಪಿಚರ್, ಅಂದರೆ ಚೆಂಡೆಸೆಯುವವಳು ಆಗಿದ್ದರೆ ಸಂತೋಷದ ಜೊತೆಗೆ ಸ್ವಲ್ಪ ಎಚ್ಚರವೂ ಇರಲಿ.

ಈ ಆಟದ ಬಗ್ಗೆ ಹೆತ್ತವರಲ್ಲೂ ಹಲವು ತರಬೇತುದಾರರಲ್ಲೂ ಒಂದು ನಂಬಿಕೆ ಬೇರೂರಿದೆ. ಚೆಂಡನ್ನು ತಲೆಯ ಮೇಲಿನಿಂದ ಎಸೆದರೆ ಭುಜಕ್ಕೆ ಪೆಟ್ಟು, ಕೆಳಗಿನಿಂದ ಎಸೆದರೆ ಏನೂ ಆಗುವುದಿಲ್ಲ, ಆದ್ದರಿಂದ ಸಾಫ್ಟ್‌ಬಾಲ್ ಪಿಚರ್ ಎಷ್ಟು ಬೇಕಾದರೂ ಎಸೆಯಬಹುದು ಎಂಬುದೇ ಆ ನಂಬಿಕೆ. ಇದು ಸರಿಯಲ್ಲ. ಒಬ್ಬಳೇ ಹುಡುಗಿಯಿಂದ ಬೆಳಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು, ಮರುದಿನ ಫೈನಲ್ ಎಂದು ಎಸೆಸುವುದಕ್ಕೆ ಈ ನಂಬಿಕೆಯೇ ನೆಪವಾಗುತ್ತಿದೆ.

ಮೊದಲು ಎಸೆತ ಹೇಗೆ ನಡೆಯುತ್ತದೆ ಎಂದು ನೋಡೋಣ. ಸಾಫ್ಟ್‌ಬಾಲ್ ಎಂಬ ಹೆಸರಿದ್ದರೂ ಚೆಂಡು ಮೆತ್ತಗಿಲ್ಲ. 12 ಇಂಚು ಸುತ್ತಳತೆಯ ಆ ಚೆಂಡು ಸುಮಾರು 180ರಿಂದ 200 ಗ್ರಾಂ ತೂಗುತ್ತದೆ. ಕ್ರಿಕೆಟ್ ಚೆಂಡು 163 ಗ್ರಾಂ ದಾಟುವುದಿಲ್ಲ. ಅಮೆರಿಕದ ಹೈಸ್ಕೂಲು ಮತ್ತು ಕಾಲೇಜು ಹುಡುಗಿಯರು ಈ ಚೆಂಡನ್ನು 43 ಅಡಿ ದೂರದಿಂದ ಎಸೆಯುತ್ತಾರೆ. ಎಸೆಯುವ ಕ್ರಮಕ್ಕೆ ‘ವಿಂಡ್‌ಮಿಲ್’ ಎಂದು ಹೆಸರು. ತೋಳು ಗಾಳಿಯಂತ್ರದ ರೆಕ್ಕೆಯ ಹಾಗೆ ಪೂರ್ತಿ ಒಂದು ಸುತ್ತು ಹಾಕುತ್ತದೆ.

ಅವಳನ್ನು ಪಕ್ಕದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ತೋಳನ್ನು ಗಡಿಯಾರದ ಮುಳ್ಳೆಂದು ಭಾವಿಸಿ. ಮೊದಲು ಅದು ಆರು ಗಂಟೆಯ ಜಾಗದಲ್ಲಿ ಕೆಳಗೆ ಇರುತ್ತದೆ. ಮುಂದಕ್ಕೆ ಬಂದು ಮೂರು, ತಲೆಯ ಮೇಲೆ ಹನ್ನೆರಡು, ಹಿಂದೆ ಒಂಬತ್ತು, ಮತ್ತೆ ಕೆಳಗೆ ಆರಕ್ಕೆ ಬರುವಾಗ ಸೊಂಟದ ಪಕ್ಕದಲ್ಲಿ ಚೆಂಡು ಕೈ ಬಿಡುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂಬತ್ತರಿಂದ ಆರರವರೆಗಿನ ಭಾಗವೇ ಅತಿ ಕಠಿಣ. ಆಗ ವೇಗವಾಗಿ ತಿರುಗುವ ತೋಳು ಭುಜದ ಗುಳಿಯಿಂದ ಹೊರಕ್ಕೆ ಕಿತ್ತುಹೋಗುವಂತೆ ಸೆಳೆಯುತ್ತದೆ. ಎಳೆಯ ಪಿಚರ್‌ಗಳಲ್ಲಿ ಅಳೆದು ನೋಡಿದಾಗ ಈ ಸೆಳೆತ ಹೆಚ್ಚುಕಡಿಮೆ ಅವರ ದೇಹದ ತೂಕದಷ್ಟೇ ಇರುವುದು ಕಂಡುಬಂದಿದೆ. ಅಂದರೆ 40 ಕಿಲೋ ತೂಕದ ಹುಡುಗಿ ಒಮ್ಮೆ ಚೆಂಡೆಸೆದರೆ, ಆ ಕ್ಷಣಕ್ಕೆ ಅವಳ ತೋಳಿಗೆ ಸುಮಾರು 40 ಕಿಲೋ ಭಾರ ಜೋತುಬಿದ್ದ ಹಾಗೆ.

ಆ ಸೆಳೆತವನ್ನು ತಡೆಯುವವರು ಯಾರು? ಭುಜದ ಗುಳಿ ಬಹಳ ಆಳವಿಲ್ಲದ್ದು. ಅದಕ್ಕೇ ನಮ್ಮ ತೋಳು ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಸುಲಭವಾಗಿ ಜಾರುತ್ತದೆ. ಅದನ್ನು ಹಿಡಿದಿಡುವುದು ಸುತ್ತಲಿನ ಸಣ್ಣ ಸ್ನಾಯುಗಳು, ಹೆಗಲಮೂಳೆಯನ್ನು ಬೆನ್ನಿಗೆ ಕಟ್ಟಿಹಾಕುವ ಸ್ನಾಯುಗಳು ಮತ್ತು ತೋಳಿನ ಮುಂಭಾಗದ ಬೈಸೆಪ್ಸ್. ಬೈಸೆಪ್ಸ್‌ನ ಒಂದು ಎಳೆ ಭುಜದ ಗುಳಿಯ ಅಂಚಿಗೇ ಅಂಟಿಕೊಂಡಿದೆ. ತಲೆಯ ಮೇಲಿನಿಂದ ಎಸೆಯುವುದಕ್ಕಿಂತ ಈ ವಿಂಡ್‌ಮಿಲ್ ಎಸೆತದಲ್ಲಿ ಬೈಸೆಪ್ಸ್ ಹೆಚ್ಚು ದುಡಿಯುತ್ತದೆ. ಸಾಫ್ಟ್‌ಬಾಲ್ ಪಿಚರ್‌ಗಳು ಭುಜದ ಮುಂಭಾಗದಲ್ಲೇ ನೋವು ಎನ್ನುವುದಕ್ಕೆ ಇದು ಮುಖ್ಯ ಕಾರಣ.

ಮಕ್ಕಳಲ್ಲಿ ಇನ್ನೊಂದು ಅಪಾಯವಿದೆ. ತೋಳಿನ ಎಲುಬು ಉದ್ದವಾಗುವುದು ಅದರ ತುದಿಯ ಬಳಿ ಇರುವ ಮೃದ್ವಸ್ಥಿಯ ಪದರದಿಂದ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಪದರ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಎಲುಬಿನಲ್ಲಿ ಅದೇ ದುರ್ಬಲ ಜಾಗ. ವಿಶ್ರಾಂತಿಯಿಲ್ಲದೆ ಮತ್ತೆ ಮತ್ತೆ ಸೆಳೆದರೆ ಆ ಪದರಕ್ಕೇ ಗಾಯವಾಗಬಹುದು. ಆಗ ಕೆಲವು ತಿಂಗಳು ಎಸೆತ ನಿಲ್ಲಿಸದೆ ಬೇರೆ ದಾರಿಯಿಲ್ಲ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ಕಾಲಿನಿಂದ. ಒಳ್ಳೆಯ ಪಿಚರ್ ಹಿಂದಿನ ಕಾಲಿನಿಂದ ನೆಲವನ್ನು ಬಲವಾಗಿ ಒತ್ತಿ ಮುಂದಕ್ಕೆ ಚಿಮ್ಮುತ್ತಾಳೆ. ಮುಂದಿನ ಕಾಲು ಗಟ್ಟಿಯಾಗಿ ಊರುತ್ತದೆ. ಆ ಬಲ ತೊಡೆ, ಸೊಂಟ, ಬೆನ್ನುಗಳ ಮೂಲಕ ಏರಿ ಕೊನೆಗೆ ತೋಳಿಗೆ ತಲುಪುತ್ತದೆ. ಕಾಲು ಸೋತಾಗ ಆ ಬಲವನ್ನು ತೋಳೇ ಹುಟ್ಟಿಸಬೇಕಾಗುತ್ತದೆ. ಆದ್ದರಿಂದ ದಣಿದ ಹುಡುಗಿಯನ್ನು ಗುರುತಿಸಲು ಅವಳ ತೋಳನ್ನಷ್ಟೇ ನೋಡಬೇಡಿ. ಹೆಜ್ಜೆ ಚಿಕ್ಕದಾಗಿದೆಯೇ, ಮೈ ಮುಂದಕ್ಕೆ ಬಾಗುತ್ತಿದೆಯೇ, ತೋಳು ಸೊಂಟದಿಂದ ದೂರ ಹೋಗುತ್ತಿದೆಯೇ ಎಂದು ನೋಡಿ. ಇವು ಕಂಡರೆ ಅಂದಿನ ಆಟ ಅವಳಿಗೆ ಸಾಕು.

ಈಗ ನನ್ನ ಮುಖ್ಯ ಮಾತು. ಗಂಡುಮಕ್ಕಳ ಎಸೆತಕ್ಕೆ ಲೆಕ್ಕ ಇಡುವ ಪದ್ಧತಿ ಜಗತ್ತಿನಲ್ಲಿ ಬಂದಿದೆ. ಅಮೆರಿಕದ ಲಿಟ್ಲ್ ಲೀಗ್ ಬೇಸ್‌ಬಾಲ್ 2007ರಿಂದ ಎಸೆತಗಳನ್ನು ಎಣಿಸುತ್ತಿದೆ. 11-12 ವಯಸ್ಸಿನ ಹುಡುಗ ಅಲ್ಲಿ ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 66 ದಾಟಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಇಂಗ್ಲೆಂಡಿನಲ್ಲಿ 13ರ ಒಳಗಿನ ವೇಗದ ಬೌಲರ್‌ಗೆ ಒಂದು ಸರದಿಯಲ್ಲಿ 5 ಓವರ್, ದಿನಕ್ಕೆ 10 ಓವರ್ ಎಂಬ ಮಿತಿ ಬಹುಕಾಲ ನಡೆದುಬಂದಿದೆ. ಸಾಫ್ಟ್‌ಬಾಲಿನ ಹುಡುಗಿಯರಿಗೆ ಮಾತ್ರ ಎಸೆತ ಎಣಿಸುವ ಬದಲು ಇನಿಂಗ್ಸ್ ಎಣಿಸುವುದೇ ರೂಢಿ. ಒಂದು ಇನಿಂಗ್ಸ್ ಹತ್ತು ಎಸೆತಕ್ಕೂ ಮುಗಿಯಬಹುದು, ಮೂವತ್ತಕ್ಕೂ ಮುಗಿಯದಿರಬಹುದು. ಭುಜಕ್ಕೆ ಇನಿಂಗ್ಸ್ ತಿಳಿಯದು, ಎಸೆತ ಮಾತ್ರ ತಿಳಿಯುತ್ತದೆ.

ಇದಕ್ಕೆ ಎದುರಾಗಿ ಜಪಾನಿನ ಯುಕಿಕೊ ಉಎನೊ ಅವರ ಉದಾಹರಣೆ ಕೊಡುವವರಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಒಂದೇ ದಿನ ಎರಡು ಪಂದ್ಯಗಳಲ್ಲಿ 318 ಎಸೆತ ಎಸೆದು, ಮರುದಿನ ಫೈನಲ್‌ನಲ್ಲಿ 95 ಎಸೆದು ಚಿನ್ನ ಗೆದ್ದರು. ಒಟ್ಟು 413 ಎಸೆತ. ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಎರಡು ದಿನಗಳಲ್ಲಿ 68 ಓವರ್‌ಗಿಂತ ಹೆಚ್ಚು! ಅವರ ಛಲಕ್ಕೆ ತಲೆಬಾಗಲೇಬೇಕು. ಆದರೆ ಆಗ ಅವರಿಗೆ 26 ವರ್ಷ. ಎಲುಬು ಪೂರ್ತಿ ಬಲಿತಿತ್ತು, ಬೆನ್ನ ಹಿಂದೆ ವರ್ಷಗಳ ತಾಲೀಮಿತ್ತು, ಅದು ಒಲಿಂಪಿಕ್ಸ್ ಕೂಡ ಆಗಿತ್ತು. ಹನ್ನೆರಡು ವರ್ಷದ ಹುಡುಗಿಗೆ ತಾಲೂಕು ಮಟ್ಟದ ಪಂದ್ಯದಲ್ಲಿ ಆ ಮಾದರಿ ತೋರಿಸುವುದು ನ್ಯಾಯವಲ್ಲ.

ಯೂನಾನಿ ವೈದ್ಯ ಪದ್ಧತಿಯು ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ‘ಹರಕತ್ ವ ಸುಕೂನ್’, ಅಂದರೆ ದೇಹದ ಚಲನೆ ಮತ್ತು ವಿಶ್ರಾಂತಿ. ಚಲನೆಯನ್ನು ಒಂದಾಗಿ, ವಿಶ್ರಾಂತಿಯನ್ನು ಇನ್ನೊಂದಾಗಿ ಎಣಿಸಿಲ್ಲ. ಎರಡನ್ನೂ ಸೇರಿಸಿ ಒಂದೇ ಎಂದಿದ್ದಾರೆ. ನಾವು ಮಕ್ಕಳಿಗೆ ಮೊದಲರ್ಧವನ್ನು ಕೊಟ್ಟು ಉಳಿದರ್ಧವನ್ನು ಮರೆಯುತ್ತಿದ್ದೇವೆ.

ಇಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತನ್ನೂ ನೇರವಾಗಿ ಹೇಳಬೇಕು. ಭುಜ ನೋಯುತ್ತದೆ ಎಂದ ಮಗುವಿಗೆ ರಾತ್ರಿ ಎಣ್ಣೆ ತಿಕ್ಕಿ ಬೆಳಗ್ಗೆ ಮೈದಾನಕ್ಕೆ ಕಳುಹಿಸುವವರಿದ್ದಾರೆ. ಪಂದ್ಯದ ಮೊದಲು ಹಿಜಾಮ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ನೋವಿನ ಮಾತ್ರೆ ನುಂಗಿಸುವವರೂ ಇದ್ದಾರೆ. ದಣಿದ ಸ್ನಾಯುವಿಗೆ ಹದವಾದ ಮಾಲೀಶು ಹಿತ ಕೊಡುತ್ತದೆ ನಿಜ. ಆದರೆ ಬೆಳೆಯುತ್ತಿರುವ ಎಲುಬಿನ ಗಾಯವನ್ನು ಯಾವ ರೋಗನ್ ಕೂಡ ವಾಸಿ ಮಾಡುವುದಿಲ್ಲ. ನೋವು ‘ನಿಲ್ಲಿಸು’ ಎಂದು ಹೇಳಲು ಬಂದಿರುತ್ತದೆ. ಅದರ ಬಾಯಿ ಮುಚ್ಚಿಸಿ ಆಡಿಸುವುದು ಚಿಕಿತ್ಸೆಯಲ್ಲ. ಎಸೆಯುವಾಗ ಭುಜ ಅಥವಾ ಮೇಲ್ತೋಳು ನೋಯುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಎಸೆತ ನಿಲ್ಲಿಸಿ ಎಲುಬು-ಕೀಲು ತಜ್ಞರಿಗೆ ತೋರಿಸಿ. ಎಕ್ಸ್-ರೇ ಬೇಕೇ ಎಂದು ಅವರು ನಿರ್ಧರಿಸಲಿ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮಗಳ ಎಸೆತದ ಲೆಕ್ಕವನ್ನೂ ಬರೆಯಿರಿ. ಅಭ್ಯಾಸದ ಎಸೆತ, ಪಂದ್ಯದ ಎಸೆತ, ಸಂಜೆ ಅಂಗಳದಲ್ಲಿ ಅಣ್ಣನ ಜೊತೆ ಎಸೆದದ್ದು, ಎಲ್ಲವೂ ಸೇರಲಿ. ಅಮೆರಿಕದ ಕ್ರೀಡಾ ವೈದ್ಯರು ಸೂಚಿಸಿರುವ ಮಿತಿ ಒಂದು ಪಂದ್ಯಕ್ಕೆ ಸುಮಾರು ಹೀಗಿದೆ: ಹತ್ತರೊಳಗಿನವರಿಗೆ 50, ಹನ್ನೆರಡರವರೆಗೆ 65, ಹದಿನಾಲ್ಕರವರೆಗೆ 80, ಆಮೇಲೆ 100. ಹನ್ನೆರಡರವರೆಗಿನ ಹುಡುಗಿ ಸತತ ಎರಡು ದಿನ ಎಸೆದರೆ ಮೂರನೆಯ ದಿನ ಎಸೆಯಲೇಬಾರದು. ವರ್ಷದಲ್ಲಿ ಕೆಲವು ತಿಂಗಳು ಚೆಂಡನ್ನು ಬದಿಗಿಟ್ಟು ಓಟ, ಈಜು, ಬೇರೆ ಆಟಗಳಲ್ಲಿ ತೊಡಗಲಿ. ಕಾಲು, ಸೊಂಟ, ಬೆನ್ನುಗಳಿಗೆ ಬಲ ಬರಲಿ.

ನೋವಿನ ಭಯಕ್ಕೆ ಮಗಳನ್ನು ಆಟದಿಂದಲೇ ಬಿಡಿಸುವುದು ಪರಿಹಾರವಲ್ಲ. ಅವಳು ಹತ್ತು ವರ್ಷ ಆಡಲಿ ಎಂದೇ ಈ ಲೆಕ್ಕ. ಮುಂದಿನ ಸಲ ಅವಳ ತರಬೇತುದಾರರನ್ನು ಭೇಟಿಯಾದಾಗ ‘ಗೆದ್ದೆವಾ?’ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಇವತ್ತು ನನ್ನ ಮಗಳು ಎಷ್ಟು ಎಸೆದಳು? ತಂಡದ ಎರಡನೆಯ ಪಿಚರ್ ಯಾರು? ಎರಡಕ್ಕೂ ಉತ್ತರವಿಲ್ಲದಿದ್ದರೆ, ಎರಡನೆಯ ಹುಡುಗಿಯನ್ನು ತಯಾರು ಮಾಡುವವರೆಗೆ ಅವಳನ್ನು ದಿನವೂ ಎಸೆಯಲು ಬಿಡಬೇಡಿ.