‘ಇರುವಾತ’ ಮತ್ತು ‘ಇರುವೆನು’: ಹೀಬ್ರೂ ದೇವನಾಮದ ಕನ್ನಡ ಅನುಸಂಧಾನ

ಕನ್ನಡ ಭಕ್ತಿಸಾಹಿತ್ಯದ ಅಧ್ಯಯನದಲ್ಲಿ ಅಂಕಿತದ ಪ್ರಶ್ನೆ ಬಹುಚರ್ಚಿತವಾದುದು. ಸಿರವಾರದ ಸುತ್ತಣ ನೆಲವೊಂದನ್ನೇ ಗಮನಿಸಿದರೂ ಅದರ ಮಹತ್ವ ವೇದ್ಯವಾಗುತ್ತದೆ. ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ಹರಿದಾಸ ಪರಂಪರೆಗೆ ಮರುಜೀವ ಕೊಟ್ಟರು. ಇವರ ಅಂಕಿತಗಳಲ್ಲಿ ‘ವಿಠಲ’ ಎಂಬುದು ದೇವರ ಹೆಸರೂ ಹೌದು, ಹಾಡಿದವರ ಗುರುತೂ ಹೌದು. ಇದೇ ಜಿಲ್ಲೆಯ ಚರ್ಚುಗಳಲ್ಲಿ ಓದಲಾಗುವ ಕನ್ನಡ ಬೈಬಲಿನಲ್ಲೂ ದೇವನಾಮದ ಪ್ರಶ್ನೆ ಅಷ್ಟೇ ಗಹನವಾಗಿದೆ. ಆದರೆ ಅದು ಕನ್ನಡ ವಿಭಾಗಗಳ ಚರ್ಚೆಯ ವ್ಯಾಪ್ತಿಗೆ ಬಂದಿರುವುದು ವಿರಳ.

ಹೀಬ್ರೂ ಧರ್ಮಗ್ರಂಥದಲ್ಲಿ ದೇವರ ಹೆಸರು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳಲ್ಲಿದ್ದು, ಆರೂವರೆ ಸಾವಿರಕ್ಕೂ ಹೆಚ್ಚು ಬಾರಿ ಬರುತ್ತದೆ. ಕ್ರಿ.ಪೂ. 9ನೆಯ ಶತಮಾನದ ಮೋವಾಬಿನ ಮೇಶ ಶಾಸನದಲ್ಲಿಯೂ ಈ ಹೆಸರಿದೆ. ಕಾಲಾನಂತರದಲ್ಲಿ ಯೆಹೂದ್ಯರು ಭಯಭಕ್ತಿಯಿಂದ ಅದರ ಉಚ್ಚಾರಣೆಯನ್ನು ಬಿಟ್ಟು, ಒಡೆಯನೆಂಬ ಅರ್ಥದ ‘ಅದೋನಾಯ್’ ಎಂದು ಓದತೊಡಗಿದರು. ಸ್ವರಚಿಹ್ನೆಗಳನ್ನು ಅಳವಡಿಸಿದ ಮಸೋರೆಟ್ ವಿದ್ವಾಂಸರು ನಾಲ್ಕು ವ್ಯಂಜನಗಳಿಗೆ ಈ ಬದಲಿ ಪದದ ಸ್ವರಗಳನ್ನು ಸೇರಿಸಿದರು. ಬರೆದುದನ್ನೂ ಓದಿದುದನ್ನೂ ಕೂಡಿಸಿ ಓದಿದ ಮಧ್ಯಯುಗದ ಯುರೋಪಿನಲ್ಲಿ ‘ಯೆಹೋವ’ ಎಂಬ ರೂಪ ಪ್ರಚಾರಕ್ಕೆ ಬಂತು. ನಾಮಸ್ಮರಣೆಯನ್ನೇ ಸಾಧನೆಯೆಂದು ಬಗೆದ ದಾಸಪರಂಪರೆಯ ಎದುರು, ಹೆಸರನ್ನು ನುಡಿಯದಿರುವುದನ್ನೇ ಭಕ್ತಿಯೆಂದು ಬಗೆದ ಈ ಪರಂಪರೆಯನ್ನಿಟ್ಟು ನೋಡಿದಾಗ ತೌಲನಿಕ ಅಧ್ಯಯನಕ್ಕೆ ಹೊಸ ದಾರಿ ತೆರೆಯುತ್ತದೆ.

ಹೆಸರಿನ ಅರ್ಥಕ್ಕೆ ಮುಖ್ಯ ಆಧಾರ ವಿಮೋಚನಕಾಂಡದ ಮೂರನೆಯ ಅಧ್ಯಾಯ. ಮೋಶೆ ಹೆಸರನ್ನು ಕೇಳಿದಾಗ ದೊರೆಯುವ ಉತ್ತರದಲ್ಲಿ ‘ಎಹ್ಯೆ’ ಎಂಬ ಕ್ರಿಯಾಪದವಿದೆ. ಇದು ‘ಹಾಯಾ’ ಧಾತುವಿನ ಉತ್ತಮಪುರುಷ ಏಕವಚನ ರೂಪ. ಈ ಧಾತುವಿಗೆ ಕನ್ನಡದ ‘ಇರು’, ‘ಆಗು’ ಎರಡರ ಅರ್ಥವೂ ಉಂಟು. ರೂಪವು ಅಪೂರ್ಣ ಕ್ರಿಯೆಯನ್ನು ಸೂಚಿಸುವುದರಿಂದ ವರ್ತಮಾನ, ಭವಿಷ್ಯತ್ತುಗಳೆರಡನ್ನೂ ಒಳಗೊಳ್ಳುತ್ತದೆ. ನಾಲ್ಕಕ್ಷರದ ಹೆಸರು ಇದೇ ಧಾತುವಿನ ಪ್ರಥಮಪುರುಷ ರೂಪವೆಂಬುದು ಒಂದು ಮತ. ‘ಇರುವಂತೆ ಮಾಡುವವನು’ ಎಂಬ ಪ್ರೇರಣಾರ್ಥಕ ರೂಪವೆಂಬುದು ಮತ್ತೊಂದು.

ಕ್ರಿ.ಪೂ. 3ನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಅನುವಾದವು ಈ ಕ್ರಿಯಾಪದವನ್ನು ‘ಇರುವವನು’ ಎಂಬರ್ಥದ ಕೃದಂತವಾಗಿಸಿತು. ಅಲ್ಲಿಗೆ ಭರವಸೆಯ ನುಡಿ ತತ್ತ್ವದ ನುಡಿಯಾಯಿತು.

ಕನ್ನಡದಲ್ಲಿ ಬೈಬಲ್ ಅನುವಾದಕ್ಕೆ ತಳಹದಿ ಬಿದ್ದುದು ತುಂಗಭದ್ರೆಯ ಆಚೆಗಿನ ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ನಿಘಂಟುಕಾರ ವಿಲಿಯಂ ರೀವ್ ಅವರ ಶ್ರಮದಿಂದ 1830ರ ದಶಕದ ಆರಂಭದ ಹೊತ್ತಿಗೆ ಸಮಗ್ರ ಬೈಬಲು ಸಿದ್ಧವಾಯಿತು. ಹಲವು ಪರಿಷ್ಕರಣಗಳ ನಂತರ ರೂಢಿಯಲ್ಲಿರುವ ‘ಸತ್ಯವೇದವು’ ದೇವನಾಮವನ್ನು ‘ಯೆಹೋವ’ ಎಂದೂ, ಮೋಶೆಗೆ ದೊರೆತ ಉತ್ತರವನ್ನು ‘ಇರುವಾತ’ ಎಂಬ ಪದದ ಮೂಲಕವೂ ತಿಳಿಸುತ್ತದೆ. ಕ್ಯಾಥೊಲಿಕರೂ ಬಳಸುವ ಸರಳ ಕನ್ನಡದ ಅನುವಾದದಲ್ಲಿ ‘ಸರ್ವೇಶ್ವರ’ ಎಂಬ ಪದವಿದೆ. ಮೊದಲನೆಯದು ಬರಹದ ದಾರಿ, ಎರಡನೆಯದು ಗ್ರೀಕಿನ ಮೂಲಕ ಬಂದ ಅರ್ಥದ ದಾರಿ, ಮೂರನೆಯದು ಯೆಹೂದ್ಯರ ಓದಿನ ದಾರಿ. ಆರಾಧನೆಯಲ್ಲಿ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ನೀಡಿದ ಸೂಚನೆಯೂ ಈ ಮೂರನೆಯ ದಾರಿಯನ್ನೇ ಎತ್ತಿಹಿಡಿಯಿತು.

ಇವುಗಳಲ್ಲಿ ಯಾವುದನ್ನೂ ತಪ್ಪೆಂದು ತಳ್ಳಿಹಾಕುವಂತಿಲ್ಲ. ಆದರೆ ‘ಇರುವಾತ’ ಎಂಬುದು ನಾಮಪದ. ಅದು ಮಾತನಾಡುವುದಿಲ್ಲ, ವಿವರಿಸುತ್ತದೆ. ಕನ್ನಡ ಓದುಗನಿಗೆ ಅದು ಉಪನಿಷತ್ತಿನ ‘ಸತ್’ ತತ್ತ್ವವನ್ನು ನೆನಪಿಸಬಲ್ಲುದು. ಮೂಲದ ಸಂದರ್ಭವಾದರೋ ಬೇರೆ. ಅಲ್ಲಿ ಕೇಳುಗರು ಐಗುಪ್ತದ ಬಿಟ್ಟಿ ಆಳುಗಳು. ಹೆಸರನ್ನು ಹೇಳುವ ಮುನ್ನವೇ, ಸಂಗಡ ಇರುವ ಮಾತನ್ನು ಅದೇ ‘ಎಹ್ಯೆ’ ಪದದಿಂದ ದೇವರು ಮೋಶೆಗೆ ಕೊಟ್ಟಿರುತ್ತಾನೆ. ಆದ್ದರಿಂದ ಹೆಸರು ಆ ಮಾತಿನ ಮುಂದುವರಿಕೆ. ‘ಇರುವೆನು’ ಎಂಬ ಕನ್ನಡ ರೂಪ ಇಲ್ಲಿ ಹೆಚ್ಚು ಸಮರ್ಥವಾದುದು. ಅದರಲ್ಲಿ ಪುರುಷಪ್ರತ್ಯಯವಿರುವುದರಿಂದ ನುಡಿಯುವವನು ಉಳಿಯುತ್ತಾನೆ. ವರ್ತಮಾನ, ಭವಿಷ್ಯತ್ತುಗಳೆರಡಕ್ಕೂ ಅದು ಸಲ್ಲುತ್ತದೆ. ಎರಡೂ ಕಡೆ ಅದನ್ನೇ ಬಳಸಿದರೆ ಮಾತಿಗೂ ಹೆಸರಿಗೂ ಇರುವ ನಂಟು ಕಡಿಯುವುದಿಲ್ಲ. ‘ಆಗು’ ಎಂಬ ಅರ್ಥಚ್ಛಾಯೆ ಕೈತಪ್ಪುವುದು ನಿಜ. ಉತ್ತರವು ಹೆಸರನ್ನು ಹೇಳದೆ ಜಾರಿಕೊಳ್ಳುವ ಬಗೆಯದೆಂಬ ವ್ಯಾಖ್ಯಾನವೂ ಇದೆ. ಆದರೂ ‘ಇರುವೆನೋ ಅವನಾಗಿ ಇರುವೆನು’ ಎಂಬಂತಹ ರಚನೆ ಆ ನಿಗೂಢತೆಗೂ ಎಡೆಗೊಡುತ್ತದೆ.

ಇಂತಹ ವಿವೇಚನೆಯನ್ನು ದೇವತಾಶಾಸ್ತ್ರಜ್ಞರಿಗೆ ಬಿಟ್ಟುಕೊಡುವುದು ಸಲ್ಲದು. ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಪ್ರಕಟಿಸಿದ ಕಿಟೆಲ್ ಅವರಿಗೆ ವ್ಯಾಕರಣವೂ ಅನುವಾದವೂ ಬೇರೆ ಬೇರೆ ಲೋಕಗಳಾಗಿರಲಿಲ್ಲ. ಇಂದು ಕನ್ನಡ ಬೈಬಲು ಪಠ್ಯಕ್ರಮಗಳಲ್ಲಿ ಬಹುಮಟ್ಟಿಗೆ ಮುದ್ರಣದ ಇತಿಹಾಸಕ್ಕೆ, ಮಿಷನರಿಗಳ ಸೇವೆಯ ಪಟ್ಟಿಗೆ ಸೀಮಿತವಾಗಿದೆ. ಅದನ್ನು ಕನ್ನಡದ ಪಠ್ಯವೆಂದು ಓದಿ, ಅದರ ಪರಿಷ್ಕರಣಗಳ ಪಾಠಾಂತರಗಳನ್ನು ವಚನ ಹಾಗೂ ಕೀರ್ತನೆಗಳ ಪಾಠಾಂತರಗಳಷ್ಟೇ ಶ್ರದ್ಧೆಯಿಂದ ಹೋಲಿಸುವ ಕೆಲಸವನ್ನು ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಮಾನ್ವಿ, ದೇವದುರ್ಗಗಳ ಅಂಕಿತಗಳನ್ನು ಬಲ್ಲ ಸಂಶೋಧಕರಿಗೆ ದೇವನಾಮದ ಪ್ರಶ್ನೆ ಹೊಸದಲ್ಲವಾದ್ದರಿಂದ, ಈ ಕೆಲಸ ರಾಯಚೂರು ಸೀಮೆಯಿಂದಲೇ ಆರಂಭವಾಗುವುದು ಉಚಿತ.